ಜ್ವರದ ಚೀಟಿಯಲ್ಲಿ ಇಲ್ಲದ ಪರೀಕ್ಷೆ

ಮಂಗಳೂರಿನಲ್ಲಿ ಮಳೆಗಾಲ ಹಿಡಿಯಿತೆಂದರೆ ಕ್ಲಿನಿಕ್ಕುಗಳಲ್ಲಿ ಬರೆಯುವ ಲ್ಯಾಬ್ ಚೀಟಿ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಮಲೇರಿಯಾಕ್ಕೆ ಎಂಪಿ, ಡೆಂಗಿಗೆ ಎನ್‌ಎಸ್1, ಪ್ಲೇಟ್‌ಲೆಟ್ ನೋಡಲು ಸಿಬಿಸಿ, ಕೆಸರಿನಲ್ಲೋ ತೋಟದಲ್ಲೋ ಕೆಲಸ ಮಾಡುವವರಾದರೆ ಇಲಿಜ್ವರದ್ದೊಂದು. ಸಂಜೆಯೊಳಗೆ ರಿಪೋರ್ಟ್ ಕೈಗೆ ಬರುತ್ತದೆ. ಎಲ್ಲವೂ ನೆಗೆಟಿವ್ ಆದರೆ ವೈರಲ್ ಜ್ವರ ಎಂದು ಪ್ಯಾರಸಿಟಮಾಲ್ ಬರೆದುಕೊಡುತ್ತಾರೆ. ನಾಲ್ಕೈದು ದಿನದಲ್ಲಿ ಜ್ವರ ಬಿಡುತ್ತದೆ, ರೋಗಿ ಕೆಲಸಕ್ಕೆ ಮರಳುತ್ತಾನೆ. ಹೆಚ್ಚಿನವರ ಪಾಲಿಗೆ ಅದು ನಿಜಕ್ಕೂ ಸಾಮಾನ್ಯ ವೈರಲ್ ಜ್ವರವೇ ಆಗಿರುತ್ತದೆ.

ಆದರೆ ಎಚ್‌ಐವಿಯೂ ಒಂದು ವೈರಸ್. ಅದು ದೇಹ ಹೊಕ್ಕ ಎರಡರಿಂದ ನಾಲ್ಕು ವಾರಗಳಲ್ಲಿ ಅನೇಕರಿಗೆ ಜ್ವರ ಬರುತ್ತದೆ. ಗಂಟಲು ನೋವು, ಮೈಮೇಲೆ ಕೆಂಪು ದದ್ದು, ಕುತ್ತಿಗೆ ಮತ್ತು ಕಂಕುಳಲ್ಲಿ ಗಂಟು, ಮೈಕೈ ನೋವು ಇವೆಲ್ಲ ಜೊತೆಗೂಡುತ್ತವೆ. ಬರಿಗಣ್ಣಿಗೆ ಇದನ್ನು ಡೆಂಗಿಯಿಂದ ಬೇರ್ಪಡಿಸುವುದು ಅನುಭವಿ ವೈದ್ಯರಿಗೂ ಕಷ್ಟ. ಒಂದೆರಡು ವಾರದಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಆಮೇಲೆ ವರ್ಷಗಟ್ಟಲೆ ಏನೂ ಕಾಣಿಸುವುದಿಲ್ಲ. ಇಷ್ಟರಲ್ಲಿ ಆಗಬಾರದ್ದು ಆಗಿಹೋಗಿರುತ್ತದೆ: ಆ ಜ್ವರದ ದಿನಗಳಲ್ಲೇ ರಕ್ತದ ಒಂದೊಂದು ಮಿಲಿಲೀಟರಿನಲ್ಲಿ ವೈರಸ್ಸಿನ ಸಂಖ್ಯೆ ಹತ್ತು ಲಕ್ಷ ದಾಟಬಹುದು. ಸಂಗಾತಿಗೆ ಸೋಂಕು ದಾಟುವ ಸಾಧ್ಯತೆ ಮುಂದಿನ ವರ್ಷಗಳಿಗಿಂತ ಈ ಕೆಲವು ವಾರಗಳಲ್ಲಿ ಹಲವು ಪಟ್ಟು ಹೆಚ್ಚು.

ಕೆನ್ಯಾದ ಕರಾವಳಿಯಲ್ಲಿ ಇದನ್ನು ಅಳೆದು ನೋಡಿದ್ದಾರೆ. ಅಲ್ಲಿಯೂ ನಮ್ಮಲ್ಲಿನಂತೆ ಜ್ವರ ಎಂದರೆ ಮೊದಲ ಅನುಮಾನ ಮಲೇರಿಯಾದ ಮೇಲೆ. ಜ್ವರವೆಂದು ಬಂದ ಯುವ ವಯಸ್ಕರ ರಕ್ತವನ್ನು ಎರಡಕ್ಕೂ ಪರೀಕ್ಷಿಸಿದಾಗ, ಹೊಸದಾಗಿ ತಗುಲಿದ ಎಚ್‌ಐವಿ ಸೋಂಕು ಮಲೇರಿಯಾದಷ್ಟೇ ಸಾಮಾನ್ಯವಾಗಿತ್ತು ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಆ ಅಂಕಿಯನ್ನು ಹಾಗೆಯೇ ಮಂಗಳೂರಿಗೆ ತಂದು ಅಂಟಿಸಬಾರದು. ಕೆನ್ಯಾದಲ್ಲಿ ಎಚ್‌ಐವಿ ಹರಡಿರುವ ಪ್ರಮಾಣ ನಮಗಿಂತ ಎಷ್ಟೋ ಪಟ್ಟು ದೊಡ್ಡದು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) 2023ರ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಅದು ಶೇ 0.2. ಹಾಗೆಂದು ನಿರಾಳವಾಗಿರಲೂ ಆಗದು. ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಮಂದಿ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ, ಅತಿ ಹೆಚ್ಚು ಸೋಂಕಿತರಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮುಖ್ಯ ಸಂಗತಿಯೆಂದರೆ, ಎಚ್‌ಐವಿ ತನ್ನ ಮೊದಲ ಸುಳಿವನ್ನು ಜ್ವರದ ಸಾಲಿನಲ್ಲೇ ಕೊಡುತ್ತದೆ. ಮಂಗಳೂರಿಗರಷ್ಟು ಶಿಸ್ತಾಗಿ ಜ್ವರಕ್ಕೆ ರಕ್ತ ಕೊಡುವ ಊರು ಕಡಿಮೆ. ಮಲೇರಿಯಾ ನಮಗೆ ಆ ಅಭ್ಯಾಸ ಮಾಡಿಸಿದೆ. ಎಚ್‌ಐವಿಯನ್ನು ಮೊದಲ ವಾರಗಳಲ್ಲೇ ಹಿಡಿಯುವ ಬಯೋಸೆನ್ಸರ್‌ಗಳ ಸುದ್ದಿ ಓದುವಾಗಲೆಲ್ಲ ನನ್ನ ಮನಸ್ಸು ಹೋಗುವುದು ಈ ಜ್ವರದ ಸಾಲಿನ ಕಡೆಗೇ.

ಈಗಿನ ಪರೀಕ್ಷೆ ಏನನ್ನು ನೋಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ವೆನ್ಲಾಕ್ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಎಂಬ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷೆಗೆ ಹೋದವರನ್ನು ಮೊದಲು ಆಪ್ತಸಮಾಲೋಚಕರು ಕೂರಿಸಿ ಮಾತಾಡುತ್ತಾರೆ. ಒಪ್ಪಿಗೆ ಪಡೆದ ಮೇಲೆಯೇ ರಕ್ತ. ಟೆಕ್ನಿಷಿಯನ್ ಅದರ ಸೀರಂ ಬೇರ್ಪಡಿಸಿ ಬೆರಳುದ್ದದ ಒಂದು ಪ್ಲಾಸ್ಟಿಕ್ ಕಾರ್ಡಿನ ಮೇಲೆ ಹನಿಯಾಗಿ ಬಿಡುತ್ತಾರೆ, ಮೇಲಿಂದ ಬಫರ್ ದ್ರವ. ನಮ್ಮ ದೇಶದಲ್ಲಿ ಬಹುಕಾಲ ಬಳಕೆಯಲ್ಲಿರುವ ಟ್ರೈಡಾಟ್ ಎಂಬ ಕಿಟ್ಟಿನಲ್ಲಿ ಮೂರು ಚುಕ್ಕೆಗಳಿಗೆ ಜಾಗ: ಒಂದು ಕಂಟ್ರೋಲ್, ಒಂದು ಎಚ್‌ಐವಿ-1, ಒಂದು ಎಚ್‌ಐವಿ-2. ಕಂಟ್ರೋಲ್ ಚುಕ್ಕೆ ಗುಲಾಬಿಯಾಗಿ ಮೂಡದಿದ್ದರೆ ಆ ಕಾರ್ಡನ್ನೇ ಎಸೆಯಬೇಕು. ಮೊದಲ ಪರೀಕ್ಷೆ ಪಾಸಿಟಿವ್ ಬಂದರೂ ಯಾರೂ ರೋಗಿಗೆ ಹಾಗೆಂದು ಹೇಳುವುದಿಲ್ಲ. ಬೇರೆ ಬೇರೆ ತತ್ವದ ಮೇಲೆ ಕೆಲಸ ಮಾಡುವ ಇನ್ನೆರಡು ಕಿಟ್ಟುಗಳಲ್ಲೂ ಅದೇ ಉತ್ತರ ಬರಬೇಕು. ಸುಣ್ಣಬಣ್ಣ ಮಾಸಿದ ಸಣ್ಣ ಕೋಣೆಗಳಲ್ಲಿ ನಡೆಯುವ ಈ ಕೆಲಸದ ಕಟ್ಟುನಿಟ್ಟನ್ನು ನಾನು ಮನಸಾರೆ ಗೌರವಿಸುತ್ತೇನೆ.

ಆದರೆ ಆ ಗುಲಾಬಿ ಚುಕ್ಕೆ ತೋರಿಸುವುದು ವೈರಸ್ಸನ್ನಲ್ಲ, ವೈರಸ್ಸಿನ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯವನ್ನು. 1985ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಎಲೈಸಾ ಪರೀಕ್ಷೆಯೂ ಪ್ರತಿಕಾಯವನ್ನೇ ನೋಡುತ್ತಿತ್ತು. 1986ರಲ್ಲಿ ಚೆನ್ನೈಯಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಭಾರತದ ಮೊದಲ ಪ್ರಕರಣಗಳನ್ನು ಪತ್ತೆ ಮಾಡಿದ್ದೂ ಪ್ರತಿಕಾಯದ ಮೂಲಕವೇ. ಪ್ರತಿಕಾಯ ತಯಾರಾಗಲು ದೇಹಕ್ಕೆ ಸಮಯ ಬೇಕು. ಸೋಂಕು ತಗುಲಿದ ಮೇಲೆ ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಆಗಲು 23ರಿಂದ 90 ದಿನ ಹಿಡಿಯಬಹುದು. ಈ ನಡುವಿನ ದಿನಗಳನ್ನೇ ವಿಂಡೋ ಪಿರಿಯಡ್ ಎನ್ನುವುದು. ಜ್ವರ ಬಂದು ಹೋಗುವುದೂ, ವೈರಸ್ ಉತ್ತುಂಗಕ್ಕೇರುವುದೂ ಬಹುತೇಕ ಇದೇ ಅವಧಿಯಲ್ಲಿ. ಅಂದರೆ ಸೋಂಕು ಅತಿ ಹೆಚ್ಚು ಹರಡುವ ದಿನಗಳಲ್ಲೇ ರಿಪೋರ್ಟ್ ನೆಗೆಟಿವ್ ಎಂದು ಬರುತ್ತದೆ.

ಇದಕ್ಕೆ ಉತ್ತರ ಎಲ್ಲಿದೆ ಎಂಬುದು ಮಂಗಳೂರಿನ ಓದುಗರಿಗೆ ಆಗಲೇ ಗೊತ್ತು. ಡೆಂಗಿಯಲ್ಲಿ ಮೊದಲ ದಿನಗಳಲ್ಲಿ ಎನ್‌ಎಸ್1 ಮಾಡಿಸಿ, ಐದಾರು ದಿನ ಕಳೆದ ಮೇಲೆ ಐಜಿಎಂ ಮಾಡಿಸಿ ಎಂದು ಡಾಕ್ಟರು ಹೇಳುವುದನ್ನು ಕೇಳಿದ್ದೇವೆ. ಐಜಿಎಂ ನಮ್ಮ ದೇಹದ ಪ್ರತಿಕಾಯ; ಎನ್‌ಎಸ್1 ವೈರಸ್ಸಿನದೇ ಪ್ರೊಟೀನು, ಅದಕ್ಕಾಗಿ ಕಾಯಬೇಕಿಲ್ಲ. ಎಚ್‌ಐವಿಯಲ್ಲಿ ಅಂಥ ಪ್ರೊಟೀನು ಪಿ24. ವೈರಸ್ಸಿನ ಆರ್‌ಎನ್‌ಎ ಎಳೆಗಳನ್ನು ಸುತ್ತುವರಿದ ಕವಚ ಇದರದ್ದು. ಒಂದು ವೈರಸ್ಸಿನಲ್ಲಿ ಆರ್‌ಎನ್‌ಎ ಎಳೆ ಎರಡೇ ಇದ್ದರೆ ಪಿ24 ಅಣುಗಳು ಸಾವಿರಕ್ಕೂ ಹೆಚ್ಚು. ಪಿ24 ಮತ್ತು ಪ್ರತಿಕಾಯ ಎರಡನ್ನೂ ನೋಡುವ ಲ್ಯಾಬ್ ಪರೀಕ್ಷೆ 18ರಿಂದ 45 ದಿನಗಳಲ್ಲಿ ಸೋಂಕನ್ನು ಹಿಡಿಯುತ್ತದೆ. ಆರ್‌ಎನ್‌ಎಯನ್ನೇ ಹುಡುಕುವ ನ್ಯಾಟ್ ಪರೀಕ್ಷೆಗೆ 10ರಿಂದ 33 ದಿನ ಸಾಕು. ಇವೆರಡಕ್ಕೂ ದೊಡ್ಡ ಯಂತ್ರ, ನುರಿತ ಕೈ, ಎಡೆಬಿಡದ ಕರೆಂಟು, ಖರ್ಚು ಬೇಕು. ಕಾವೂರಿನ ಅಥವಾ ಉಳ್ಳಾಲದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೂತ ಜ್ವರದ ರೋಗಿಗೆ ಅವು ಕೈಗೆಟುಕುವುದಿಲ್ಲ.

ಬಯೋಸೆನ್ಸರ್ ಬೇಕಾಗಿರುವುದು ಈ ಜಾಗದಲ್ಲಿ. ಅದನ್ನು ಹೊಸದಾಗಿ ಪರಿಚಯಿಸಬೇಕಾಗಿಯೂ ಇಲ್ಲ, ಮನೆಮನೆಯ ಶುಗರ್ ಮೆಷಿನ್ ಒಂದು ಬಯೋಸೆನ್ಸರ್. 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಎಂಬ ಅಮೆರಿಕದ ವಿಜ್ಞಾನಿ ಕಿಣ್ವವನ್ನೂ ವಿದ್ಯುದ್ವಾರವನ್ನೂ ಜೋಡಿಸಿ ಗ್ಲುಕೋಸ್ ಅಳೆಯುವ ದಾರಿ ತೋರಿಸಿದರು. ಇಂಥ ಯಾವುದೇ ಸಾಧನದಲ್ಲಿ ಎರಡು ಭಾಗ. ಒಂದು, ಬೇಕಾದ ಅಣುವನ್ನಷ್ಟೇ ಗುರುತಿಸಿ ಹಿಡಿಯುವ ಜೈವಿಕ ವಸ್ತು: ಕಿಣ್ವ, ಪ್ರತಿಕಾಯ ಅಥವಾ ಡಿಎನ್‌ಎ ತುಣುಕು. ಇನ್ನೊಂದು, ಹಿಡಿತಕ್ಕೆ ಸಿಕ್ಕಿತು ಎಂಬುದನ್ನು ವಿದ್ಯುತ್ ಪ್ರವಾಹವಾಗಿಯೋ ಬೆಳಕಾಗಿಯೋ ಬಣ್ಣವಾಗಿಯೋ ತೋರಿಸುವ ಭಾಗ. ಹಾಗಾದರೆ ಶುಗರ್ ಸ್ಟ್ರಿಪ್ಪಿನ ಕಿಣ್ವ ತೆಗೆದು ಪಿ24ರ ಪ್ರತಿಕಾಯ ಅಂಟಿಸಿದರೆ ಮುಗಿಯಿತಲ್ಲ ಎಂದು ಕೇಳಬಹುದು.

ಅಡ್ಡಿ ಇರುವುದು ಪ್ರಮಾಣದಲ್ಲಿ. ಒಂದು ಮಿಲಿಲೀಟರ್ ರಕ್ತದಲ್ಲಿ ಗ್ಲುಕೋಸ್ ಸುಮಾರು ಒಂದು ಮಿಲಿಗ್ರಾಂ ಇರುತ್ತದೆ. ಸೋಂಕಿನ ಆರಂಭದಲ್ಲಿ ಹಿಡಿಯಬೇಕಾದ ಪಿ24 ಅದೇ ಮಿಲಿಲೀಟರಿನಲ್ಲಿ ಹತ್ತು ಪಿಕೋಗ್ರಾಂ, ಅಂದರೆ ಸಕ್ಕರೆಗಿಂತ ಹತ್ತು ಕೋಟಿ ಪಟ್ಟು ಕಡಿಮೆ. ಸುತ್ತಲೂ ಮಿಲಿಲೀಟರಿಗೆ ನಲವತ್ತು ಮಿಲಿಗ್ರಾಂನಷ್ಟು ಆಲ್ಬ್ಯುಮಿನ್ ಪ್ರೊಟೀನು ಸೀರಂನಲ್ಲಿ ತುಂಬಿರುತ್ತದೆ. ಅದು ಸೆನ್ಸರಿನ ಮೈಗೆಲ್ಲ ಅಂಟಿಕೊಂಡು ಸುಳ್ಳು ಸಂಕೇತ ಕೊಡುತ್ತದೆ. ಶುದ್ಧ ಬಫರಿನಲ್ಲಿ ಸೊಗಸಾಗಿ ಕೆಲಸ ಮಾಡಿದ ಸೆನ್ಸರ್ ನಿಜವಾದ ರಕ್ತ ಬಿದ್ದೊಡನೆ ತಡವರಿಸುವುದು ಇದರಿಂದಲೇ. ಎಚ್‌ಐವಿ ಸೆನ್ಸರ್ ಬಗ್ಗೆ ಪ್ರಕಟವಾಗುವ ಪ್ರಬಂಧ ಯಾವುದೇ ಇರಲಿ, ನಾನು ಮೊದಲು ಹುಡುಕುವುದು ಅದನ್ನು ಬಫರಿನಲ್ಲಿ ಪರೀಕ್ಷಿಸಿದರೋ ರೋಗಿಯ ರಕ್ತದಲ್ಲೋ ಎಂಬುದನ್ನು.

ಈ ಕಷ್ಟವನ್ನು ದಾಟಲು ನಡೆದಿರುವ ಪ್ರಯತ್ನಗಳು ಬೆರಗು ಹುಟ್ಟಿಸುವಂಥವು. 2012ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮಾಲಿ ಸ್ಟೀವನ್ಸ್ ಮತ್ತು ರಾಬರ್ಟೊ ದೆ ಲಾ ರಿಕಾ, ಪಿ24 ಇದ್ದರೆ ಚಿನ್ನದ ನ್ಯಾನೋಕಣಗಳು ಗುಂಪುಗೂಡಿ ದ್ರವ ನೀಲಿಯಾಗುವ, ಇಲ್ಲದಿದ್ದರೆ ಕೆಂಪಾಗಿಯೇ ಉಳಿಯುವ ವಿಧಾನ ತೋರಿಸಿದರು. ಯಂತ್ರವಿಲ್ಲದೆ ಬರಿಗಣ್ಣಿಗೇ ಉತ್ತರ. ಅದೇ ಕಾಲೇಜಿನವರು ಡಿಎನ್‌ಎ ಎಲೆಕ್ಟ್ರಾನಿಕ್ಸ್ ಕಂಪನಿಯೊಡನೆ ಸೇರಿ 2016ರಲ್ಲಿ ಪೆನ್‌ಡ್ರೈವ್ ಗಾತ್ರದ ಸಾಧನ ಮಾಡಿದರು. ವೈರಸ್ಸಿನ ಆರ್‌ಎನ್‌ಎ ಇದ್ದರೆ ದ್ರವದ ಆಮ್ಲೀಯತೆ ಬದಲಾಗುತ್ತದೆ, ಚಿಪ್ಪು ಅದನ್ನು ವಿದ್ಯುತ್ ಸಂಕೇತವಾಗಿ ಓದುತ್ತದೆ. 991 ರಕ್ತದ ಮಾದರಿಗಳಲ್ಲಿ ಶೇ 95ರಷ್ಟು ನಿಖರತೆ, ಅರ್ಧ ಗಂಟೆಯೊಳಗೆ ಫಲಿತಾಂಶ.

ನನಗೆ ತುಂಬ ಹಿಡಿಸಿದ್ದು 2020ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ರೇಚಲ್ ಮೆಕೆಂಡ್ರಿ ಅವರ ತಂಡ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ. ಕೋವಿಡ್ ಕಾಲದಲ್ಲಿ ಎಲ್ಲರೂ ಕಂಡ ಕಾಗದದ ಪಟ್ಟಿಯ ಪರೀಕ್ಷೆಯಲ್ಲಿ ಗೆರೆ ಮೂಡಿಸುವುದು ಸಾಮಾನ್ಯವಾಗಿ ಚಿನ್ನದ ನ್ಯಾನೋಕಣ. ಇವರು ಅದರ ಬದಲು ಬೆಳಕು ಹೊಮ್ಮಿಸುವ ವಜ್ರದ ನ್ಯಾನೋಕಣ ಬಳಸಿದರು. ಕಾಗದವೂ ತಾನಾಗಿ ಒಂದಿಷ್ಟು ಬೆಳಕು ಹೊಮ್ಮಿಸುವುದರಿಂದ ಮಂದವಾದ ಗೆರೆ ಅದರಲ್ಲಿ ಮುಳುಗಿಹೋಗುತ್ತದೆ. ವಜ್ರದ ಒಂದು ವಿಶೇಷ ಗುಣ ಇಲ್ಲಿ ನೆರವಿಗೆ ಬಂತು: ಮೈಕ್ರೋವೇವ್ ಅಲೆ ಹಾಯಿಸಿದರೆ ಅದರ ಬೆಳಕು ಏರಿಳಿಯುತ್ತದೆ, ಕಾಗದದ ಬೆಳಕು ಹಾಗೇ ಇರುತ್ತದೆ. ಏರಿಳಿಯುವುದನ್ನಷ್ಟೇ ಎಣಿಸಿದರೆ ಉಳಿದದ್ದೆಲ್ಲ ಜರಡಿ ಹಿಡಿದಂತೆ ಹೊರಗೆ. ಚಿನ್ನದ ಕಣಕ್ಕಿಂತ ಇದರ ಸೂಕ್ಷ್ಮತೆ ಲಕ್ಷ ಪಟ್ಟು ಹೆಚ್ಚು ಎಂದು ತಂಡ ಅಳೆಯಿತು. ಆರ್‌ಎನ್‌ಎಯನ್ನು ಹತ್ತು ನಿಮಿಷ ಒಂದೇ ಉಷ್ಣತೆಯಲ್ಲಿ ವೃದ್ಧಿಸಿದಾಗ ಒಂದೇ ಒಂದು ಪ್ರತಿಯನ್ನೂ ಅದು ಹಿಡಿಯಿತು.

ಆದರೂ ಪ್ರಯೋಗಾಲಯದ ಮೇಜಿನಿಂದ ಕ್ಲಿನಿಕ್ಕಿನ ಮೇಜಿಗೆ ಬರುವ ದಾರಿ ಉದ್ದ. ಪ್ರತಿಕಾಯದ ಜೊತೆ ಪಿ24ಕ್ಕೂ ಒಂದು ಗೆರೆ ಇರುವ ಕಾರ್ಡುಗಳು ಮಾರುಕಟ್ಟೆಗೆ ಬಂದು ಬಹಳ ವರ್ಷಗಳಾದವು. ಆಫ್ರಿಕಾದ ಮಲಾವಿಯಲ್ಲಿ ಅಂಥದ್ದೊಂದು ಕಾರ್ಡನ್ನು ರೋಗಿಗಳ ನಡುವೆ ಇಟ್ಟು ನೋಡಿದಾಗ, ಆರ್‌ಎನ್‌ಎ ಪರೀಕ್ಷೆ ಹಿಡಿದಿದ್ದ ಹೊಸ ಸೋಂಕುಗಳಲ್ಲಿ ಪಿ24ರ ಗೆರೆ ಮೂಡಲೇ ಇಲ್ಲವೆಂದು 2012ರಲ್ಲಿ ವರದಿಯಾಯಿತು. ಮುಂದಿನ ಆವೃತ್ತಿ ಸುಧಾರಿಸಿತು. ನಮ್ಮಲ್ಲಿ ಇನ್ನೂ ಒಂದು ಲೆಕ್ಕ ಸೇರಿಸಬೇಕು. ಭಾರತದ ಎಚ್‌ಐವಿಯಲ್ಲಿ ಬಹುಪಾಲು ಸಿ ಉಪಪ್ರಭೇದ. ಯುರೋಪ್, ಅಮೆರಿಕದ ಲ್ಯಾಬುಗಳಲ್ಲಿ ಹೆಚ್ಚಾಗಿ ಕೈಗೆ ಸಿಗುವುದು ಬಿ. ಅಲ್ಲಿ ಪಾಸಾದ ಸೆನ್ಸರನ್ನು ಇಲ್ಲಿನ ರಕ್ತದಲ್ಲಿ ಮತ್ತೊಮ್ಮೆ ಒರೆಗೆ ಹಚ್ಚದೆ ನಂಬಲಾಗದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ, ಜುಲೈ ತಿಂಗಳ ತೇವದಲ್ಲಿ ಪೊಟ್ಟಣ ಒಡೆದ ಸ್ಟ್ರಿಪ್ಪಿನ ಪ್ರತಿಕಾಯ ಎಷ್ಟು ಹೊತ್ತು ಬಾಳುತ್ತದೆ ಎಂಬುದನ್ನೂ ಇಲ್ಲಿಯೇ ನೋಡಬೇಕು.

ಇದು ನಮ್ಮ ಕೈಮೀರಿದ ಕೆಲಸವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನವಕಾಂತ ಭಟ್ ಮತ್ತು ಸಂಗಡಿಗರು ಕಟ್ಟಿದ ಪಾಥ್‌ಶೋಧ್ ಕಂಪನಿ, ಮಧುಮೇಹಿಗಳ ರಕ್ತ ಮತ್ತು ಮೂತ್ರದ ಹಲವು ಅಂಶಗಳನ್ನು ಒಂದೇ ಕೈಸಾಧನದಲ್ಲಿ ಅಳೆಯುವ ವಿದ್ಯುತ್-ರಾಸಾಯನಿಕ ಸೆನ್ಸರ್ ತಂದಿದೆ. ಅದೇ ತಂತ್ರವನ್ನು ಕೋವಿಡ್ ಪ್ರತಿಕಾಯದ ಪರೀಕ್ಷೆಗೆ ಒಗ್ಗಿಸಿ 2021ರಲ್ಲಿ ಅನುಮತಿಯನ್ನೂ ಪಡೆಯಿತು. ಬೆರಳ ತುದಿಯ ರಕ್ತದಲ್ಲಿ ಕೆಲಸ ಮಾಡುವ ಸೆನ್ಸರನ್ನು ಲ್ಯಾಬಿನಿಂದ ಹೊರತಂದು ಮಾರುಕಟ್ಟೆಗೆ ಇಳಿಸಿದ ಅನುಭವ ಈ ರಾಜ್ಯದಲ್ಲೇ ಇದೆ. ಮಂಗಳೂರಿನಲ್ಲಂತೂ ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಿಂದ ವೆನ್ಲಾಕಿಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಒಂದು ಕಡೆ ಸರ್ಕಿಟ್ ಬಲ್ಲವರು, ಇನ್ನೊಂದು ಕಡೆ ಜ್ವರ ಬಲ್ಲವರು. ಸೆನ್ಸರ್ ವಿನ್ಯಾಸ ಮಾಡುವ ವಿದ್ಯಾರ್ಥಿ ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಓಡಿಸುವ ಮೊದಲು ಐಸಿಟಿಸಿ ಕೌಂಟರಿನ ಪಕ್ಕ ಒಂದು ವಾರ ಕೂರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಅಲ್ಲಿ ಬರುವವರು ಎಷ್ಟು ಹೊತ್ತು ಕಾಯಬಲ್ಲರು, ಫಲಿತಾಂಶ ಕೇಳಲು ಮರಳಿ ಬರುತ್ತಾರೋ ಇಲ್ಲವೋ ಎಂಬುದನ್ನು ಯಾವ ಸಾಫ್ಟ್‌ವೇರೂ ಹೇಳಿಕೊಡುವುದಿಲ್ಲ.

ಸೆನ್ಸರ್ ಸಿದ್ಧವಾಯಿತು ಎಂದೇ ಇಟ್ಟುಕೊಳ್ಳೋಣ. ಜ್ವರದವರಿಗೆಲ್ಲ ಹಚ್ಚಬಹುದೇ? ಲೆಕ್ಕ ಹಾಕಿ ನೋಡೋಣ. ಹತ್ತು ಸಾವಿರ ಮಂದಿಯಲ್ಲಿ ಶೇ 0.2ರಂತೆ 20 ಜನರಿಗೆ ಸೋಂಕಿದೆ, ಸೆನ್ಸರ್ ಅವರಲ್ಲಿ ಒಬ್ಬರನ್ನೂ ಬಿಡದೆ ಹಿಡಿಯುತ್ತದೆ. ಆದರೆ ಸೋಂಕಿಲ್ಲದ ನೂರರಲ್ಲಿ ಒಬ್ಬರನ್ನು ತಪ್ಪಾಗಿ ಪಾಸಿಟಿವ್ ಎನ್ನುತ್ತದೆ. ಶೇ 99 ಎಂಬುದು ಕೇಳಲು ಚೆನ್ನಾಗಿದೆ. ಉಳಿದ 9,980 ಮಂದಿಯಲ್ಲಿ ಹಾಗೆ ತಪ್ಪು ಉತ್ತರ ಸಿಗುವುದು ಹತ್ತಿರಹತ್ತಿರ ನೂರು ಜನರಿಗೆ. ಪಾಸಿಟಿವ್ ಎನಿಸಿಕೊಂಡ 120 ಮಂದಿಯಲ್ಲಿ ನೂರು ಮಂದಿಗೆ ಸೋಂಕೇ ಇಲ್ಲ! ಆ ನೂರು ಮನೆಗಳಲ್ಲಿ ಅಂದು ರಾತ್ರಿ ಏನಾಗಬಹುದೆಂದು ಯೋಚಿಸಿದರೆ ಮೈ ನಡುಗುತ್ತದೆ. ಅದರಲ್ಲೂ ಹೊಚ್ಚಹೊಸ ಸೋಂಕು ಈ 20ರಲ್ಲಿಯೂ ಅತಿ ಕಡಿಮೆ, ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಆದ್ದರಿಂದ ಬಯೋಸೆನ್ಸರ್ ಎಷ್ಟೇ ಚುರುಕಾಗಿರಲಿ, ಅದರ ಬೆನ್ನಿಗೇ ಬೇರೆ ತತ್ವದ ಖಚಿತ ಪರೀಕ್ಷೆ ಇರಬೇಕು, ಅದೂ ಅದೇ ದಿನ, ಅದೇ ಊರಿನಲ್ಲಿ. ಯಾರನ್ನು ಕೇಳಬೇಕು ಎಂಬ ವಿವೇಚನೆಯೂ ಬೇಕು: ಮಲೇರಿಯಾ, ಡೆಂಗಿ ಎರಡೂ ಅಲ್ಲವೆಂದು ಗೊತ್ತಾದವರನ್ನು, ಅಪಾಯದ ಸಂದರ್ಭ ಇತ್ತೇ ಎಂದು ಗೌರವದಿಂದ ವಿಚಾರಿಸಿದ ಮೇಲೆ.

ವಿಚಾರಿಸಿ, ಒಪ್ಪಿಗೆ ಪಡೆದು ಎಂಬ ಮಾತು ಬರಿಯ ಸೌಜನ್ಯದ್ದಲ್ಲ. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, ತಿಳಿಸಿ ಪಡೆದ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ ಎನ್ನುತ್ತದೆ. ಇಲ್ಲಿ ಮಂಗಳೂರು ತನ್ನ ಮಲೇರಿಯಾ ಅನುಭವವನ್ನು ಎಚ್ಚರದಿಂದ ಬಳಸಬೇಕು. 2015ರಲ್ಲಿ ಕೆಎಂಸಿ ವೈದ್ಯಕೀಯ ಕಾಲೇಜಿನ ಡಾ. ಬಿ. ಶಾಂತಾರಾಮ ಬಾಳಿಗಾ ಮುಂತಾದವರ ಮುತುವರ್ಜಿಯಿಂದ ಮಹಾನಗರದಲ್ಲಿ ಮಲೇರಿಯಾ ನಿಯಂತ್ರಣಕ್ಕೆ ಒಂದು ಸಾಫ್ಟ್‌ವೇರ್ ಬಂತು. ಯಾವುದೇ ಲ್ಯಾಬಿನಲ್ಲಿ ಮಲೇರಿಯಾ ಪತ್ತೆಯಾದರೆ ಮಾಹಿತಿ ಆರೋಗ್ಯ ಕಾರ್ಯಕರ್ತರ ಕೈಯಲ್ಲಿನ ಟ್ಯಾಬಿಗೆ ಹೋಗಿ, ಅವರು ರೋಗಿಯ ಮನೆ ಹುಡುಕಿಕೊಂಡು ಬರುತ್ತಾರೆ, ಸುತ್ತಮುತ್ತ ಸೊಳ್ಳೆ ಮೊಟ್ಟೆಯಿಡುವ ಜಾಗ ಹುಡುಕುತ್ತಾರೆ. ಮಲೇರಿಯಾ ಇಳಿಸಲು ಅದು ಬಹಳ ನೆರವಾಯಿತು. ಆ ವ್ಯವಸ್ಥೆಯ ಬಲವೇ ವಿಳಾಸ. ಎಚ್‌ಐವಿಯಲ್ಲಿ ಅದೇ ವಿಳಾಸ ನೆರೆಮನೆಗೆ ತಿಳಿದರೆ ಬಾಡಿಗೆ ಮನೆ, ಕೆಲಸ, ಮಕ್ಕಳ ಶಾಲೆ ಎಲ್ಲವೂ ಕೈತಪ್ಪಬಹುದು. ಮೊಬೈಲಿಗೆ ಜೋಡಿಸಿ ಫಲಿತಾಂಶವನ್ನು ತಾನಾಗಿ ಅಪ್‌ಲೋಡ್ ಮಾಡುವ ಸೆನ್ಸರ್ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಅದು ಎಲ್ಲಿಗೆ ಹೋಗುತ್ತದೆ, ಯಾರು ನೋಡಬಲ್ಲರು ಎಂದು ಕೇಳಲೇಬೇಕು.

ಬಯೋಸೆನ್ಸರಿನ ಅಗತ್ಯ ಯಾವ ತಕರಾರೂ ಇಲ್ಲದೆ ಸ್ಪಷ್ಟವಾಗಿರುವ ಜಾಗ ಇನ್ನೊಂದಿದೆ: ಹೆರಿಗೆ ವಾರ್ಡು. ಲೇಡಿಗೋಷನ್ ಆಸ್ಪತ್ರೆಗೆ ಹೆರಿಗೆಗಾಗಿ ದಕ್ಷಿಣ ಕನ್ನಡದವರಷ್ಟೇ ಅಲ್ಲ, ಕಾಸರಗೋಡು, ಕೊಡಗಿನಿಂದಲೂ ಬರುತ್ತಾರೆ. ಎಚ್‌ಐವಿ ಇರುವ ತಾಯಿಯ ಪ್ರತಿಕಾಯಗಳು ಗರ್ಭದಲ್ಲೇ ಮಗುವಿಗೆ ದಾಟಿ ಹದಿನೆಂಟು ತಿಂಗಳವರೆಗೂ ಉಳಿಯಬಹುದು. ಮಗುವಿಗೆ ಸೋಂಕಿಲ್ಲದಿದ್ದರೂ ಸಾಮಾನ್ಯ ಕಾರ್ಡು ಪಾಸಿಟಿವ್ ತೋರಿಸುತ್ತದೆ. ಹಾಗಾಗಿ ಆರು ವಾರವಾದಾಗ ಮಗುವಿನ ಹಿಮ್ಮಡಿ ಚುಚ್ಚಿ, ದಪ್ಪ ಕಾಗದದ ಮೇಲಿನ ವೃತ್ತಗಳಲ್ಲಿ ರಕ್ತದ ಹನಿ ತುಂಬಿಸಿ, ಒಣಗಿಸಿ ದೂರದ ಲ್ಯಾಬಿಗೆ ಪಿಸಿಆರ್ ಪರೀಕ್ಷೆಗೆ ಕಳಿಸುತ್ತಾರೆ. ಉತ್ತರ ಬರುವತನಕ ತಾಯಿ ಕಾಯಬೇಕು. ಸೋಂಕಿರುವ ಶಿಶುಗಳಲ್ಲಿ ಚಿಕಿತ್ಸೆ ಸಿಗದಿದ್ದರೆ ಸಾವು ಹೆಚ್ಚುವುದು ಎರಡು ಮೂರು ತಿಂಗಳ ವಯಸ್ಸಿನಲ್ಲಿ. ತಡಮಾಡದೆ ಔಷಧ ಕೊಟ್ಟರೆ ಶಿಶುಮರಣ ಶೇ 76ರಷ್ಟು ತಗ್ಗುತ್ತದೆ ಎಂದು ದಕ್ಷಿಣ ಆಫ್ರಿಕಾದ ಅಧ್ಯಯನ 2008ರಲ್ಲೇ ತೋರಿಸಿಕೊಟ್ಟಿದೆ. ವೈರಸ್ಸನ್ನೇ ನೇರ ಹಿಡಿಯುವ, ತಾಯಿ ಮಗು ಆಸ್ಪತ್ರೆಯಿಂದ ಹೊರಡುವ ಮೊದಲೇ ಉತ್ತರ ಹೇಳುವ ಸೆನ್ಸರ್ ಬಂದರೆ ಮೊದಲ ಪಾಲು ಈ ಶಿಶುಗಳಿಗೆ ಸಲ್ಲಬೇಕು.

ಅದು ಬರುವವರೆಗೆ ಮಾಡಬಹುದಾದ್ದು ಬೇಕಾದಷ್ಟಿದೆ. 2017ರಿಂದ ನಮ್ಮಲ್ಲಿ ಸೋಂಕು ಪತ್ತೆಯಾದೊಡನೆ, ಸಿಡಿ4 ಎಂಬ ರೋಗನಿರೋಧಕ ಕೋಶಗಳ ಎಣಿಕೆ ಎಷ್ಟೇ ಇರಲಿ, ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಔಷಧ ಉಚಿತವಾಗಿ ಶುರುವಾಗುತ್ತದೆ. ವೈರಸ್ ಅಳತೆಗೆ ಸಿಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಅದು ದಾಟುವುದಿಲ್ಲ. ಅಪಾಯದ ಸಂದರ್ಭವಾಗಿದೆ ಎನಿಸಿದರೆ 72 ಗಂಟೆಯೊಳಗೆ ಆಸ್ಪತ್ರೆಗೆ ಹೋದವರಿಗೆ ಸೋಂಕು ತಡೆಯಲು 28 ದಿನದ ಔಷಧವಿದೆ. ಹೋಗುವುದೆಲ್ಲಿಗೆ ಎಂದು ತಿಳಿಯದಿದ್ದರೆ 1097ಕ್ಕೆ ಉಚಿತವಾಗಿ ಕರೆ ಮಾಡಿ ಹೆಸರು ಹೇಳದೆ ಕೇಳಬಹುದು. ಪರೀಕ್ಷೆ ಮಾಡಿಸಿ ನೆಗೆಟಿವ್ ಬಂದವರು ಅಪಾಯದ ದಿನದಿಂದ ಎಷ್ಟು ದಿನವಾಯಿತೆಂದು ಎಣಿಸಿ, ಮೂರು ತಿಂಗಳು ತುಂಬಿಲ್ಲವಾದರೆ ಮತ್ತೆ ಬರಬೇಕು. ಈ ಎಣಿಕೆಯನ್ನು ರೋಗಿಯ ನೆನಪಿಗೆ ಬಿಡದೆ ಮುಂದಿನ ಪರೀಕ್ಷೆಯ ದಿನಾಂಕವನ್ನು ರಿಪೋರ್ಟಿನ ಮೇಲೆಯೇ ಬರೆದುಕೊಡಿ ಎಂದು ಎಲ್ಲ ಲ್ಯಾಬಿನವರಲ್ಲಿ, ವೈದ್ಯರಲ್ಲಿ ಕೇಳಿಕೊಳ್ಳುತ್ತೇನೆ. ಇದಕ್ಕೆ ಯಾವ ಹೊಸ ಯಂತ್ರವೂ ಬೇಕಾಗಿಲ್ಲ.